ಮೇಸ್ತ್ರಿ ಮನೆಯ ನೆಲ

ವಿಮಾನ ಹತ್ತಿ ಹೋದವರೆಲ್ಲ ಅಲ್ಲಿ ಕಾಲು ಚಾಚಿಕೊಂಡು ಸುಖವಾಗಿದ್ದಾರೆ ಅಂತ ಚಹಾದಂಗಡಿಯಲ್ಲಿ ಕೂತು ಹರಟುವವರಿದ್ದಾರಲ್ಲ, ಅವರ ಬಾಯಿಗೆ ಒಂದೊಂದು ಬಾಂಡ್ಲಿ ಸಿಮೆಂಟು ಸುರಿಯಬೇಕು. ಕಾಲು ಚಾಚುವುದಂತೆ! ಈ ಮೇಸ್ತ್ರಿಯನ್ನು ಕೇಳಲಿ, ಕಾಲು ಮಡಚುವುದಕ್ಕೇ ಎಷ್ಟು ಕಷ್ಟವಿದೆ ಎಂದು ಹೇಳುತ್ತಾನೆ. ಹೇಳುತ್ತಾನೆಯೇ? ಹೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮೇಸ್ತ್ರಿ ಎಂದರೆ ಟೈಲ್ಸ್ ಹಾಕುವ ಮೇಸ್ತ್ರಿ. ಮಗಳು ಅಂಬೆಗಾಲಿಡುತ್ತಿದ್ದಾಗ ಹೊರದೇಶಕ್ಕೆ ಹೋದವನು. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ನಡುವೆ ಎರಡು ಮೂರು ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ಬಂದು, ಪೆಟ್ಟಿಗೆ ಬಿಚ್ಚಿ, ತಂದದ್ದನ್ನೆಲ್ಲ ಹಂಚಿ, ಪೆಟ್ಟಿಗೆ ಕಟ್ಟಿ ಹೊರಟುಬಿಡುತ್ತಿದ್ದ. ಅಲ್ಲಿ ಒಂದು ಕೋಣೆಯಲ್ಲಿ ಎಂಟು ಜನ, ಒಂದರ ಮೇಲೊಂದು ಕಬ್ಬಿಣದ ಮಂಚ. ಮೇಲಿನ ಮಂಚದವನು ಮಗ್ಗುಲಾದರೆ ಕೆಳಗಿನವನ ಕಣ್ಣಿಗೆ ತುಕ್ಕು ಉದುರುತ್ತದೆ. ಹಾಗೆ ಮಲಗಿಕೊಂಡೇ ಮೇಸ್ತ್ರಿ ಮನೆಯನ್ನು ನೆನೆಯುತ್ತಿದ್ದ. ಬಚ್ಚಲ ನಲ್ಲಿ ಸೋರುವ ಸದ್ದನ್ನೂ ಬಿಡದೆ ನೆನೆಯುತ್ತಿದ್ದ.

ಆದರೆ ಬಂದ ಮೇಲೆ? ನಾಲ್ಕು ದಿನ ಕಳೆಯುವುದರೊಳಗೆ ಆ ಕಬ್ಬಿಣದ ಮಂಚವೇ ವಾಸಿ ಎನಿಸುತ್ತಿತ್ತು. ಯಾವ ಸ್ವಿಚ್ ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂದು ತನ್ನ ಮನೆಯಲ್ಲಿ ತನಗೇ ಗೊತ್ತಿಲ್ಲ. ಕತ್ತರಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಬೇಕು, ಮೈ ಒರೆಸುವ ಬೈರಾಸು ಎಲ್ಲಿದೆ ಎಂದು ಮಗಳನ್ನು ಕೇಳಬೇಕು. ಮಗಳಾದರೂ ಎಂಥವಳು! ಸೋದರಮಾವನಿಗೆ "ಏ ಮಾವ, ನಿಂಗೆ ತಲೆ ಕೆಟ್ಟಿದ್ಯಾ?" ಎಂದು ಬೆನ್ನಿಗೆ ಗುದ್ದುವವಳು, ಅಪ್ಪನ ಎದುರು ಬಂದರೆ ದುಪಟ್ಟಾ ಸರಿಮಾಡಿಕೊಂಡು "ಅಪ್ಪ, ನೀವು ಕಾಫಿ ತಗೋತೀರಾ?" ಎನ್ನುತ್ತಾಳೆ. ಬಹಳ ಮರ್ಯಾದೆ. ಆ ಮರ್ಯಾದೆ ನೋಡಿದಾಗಲೆಲ್ಲ ಮೇಸ್ತ್ರಿಗೆ ಯಾರೋ ತನ್ನ ಕೆನ್ನೆಗೆ ನಯವಾಗಿ ಹೊಡೆದಂತಾಗುತ್ತಿತ್ತು.

ಈ ಸಲ ಅವನು ಬಂದಾಗ ಬಾಗಿಲ ಮುಂದೆ ಮರಳಿನ ರಾಶಿ ಬಿದ್ದಿತ್ತು. ಪಕ್ಕದಲ್ಲಿ ಸಿಮೆಂಟಿನ ಮೂಟೆಗಳು. ಅವುಗಳ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದವನು ಭಾಮೈದ, ಹೆಂಡತಿಯ ತಮ್ಮ. ಗೂಡ್ಸ್ ಆಟೋ ಓಡಿಸುತ್ತಾನೆ, ಎರಡು ಮನೆ ಆಚೆಗೇ ಇರುತ್ತಾನೆ.

"ಬನ್ನಿ ಭಾವ! ಈ ಸಲ ನಿಮ್ಮನ್ನ ಬಿಡಲ್ಲ. ಮರಳು ನಾನೇ ಹೊಡೆಸಿದ್ದೀನಿ. ಊರಿನವರ ಮನೆಗೆಲ್ಲ ಕನ್ನಡಿ ಹಾಗೆ ನೆಲ ಹಾಕಿಕೊಟ್ಟ ಮಹಾನುಭಾವರ ಮನೆಯಲ್ಲಿ ಇನ್ನೂ ಬರೀ ಸಿಮೆಂಟು. ನಾಚಿಕೆ ಆಗಲ್ವಾ?"

ಅವನ ಮಾತು ಸುಳ್ಳಲ್ಲ. ಮನೆ ಕಟ್ಟಿಸಿದಾಗ ನೆಲಕ್ಕೆ ಬರೀ ಸಿಮೆಂಟು ಬಳಿಸಿ ಬಿಟ್ಟಿದ್ದರು. ಹೆಂಡತಿ ಯಾರಾದರೂ ಇಲ್ಲಿಯ ಮೇಸ್ತ್ರಿಯನ್ನು ಕರೆಸುತ್ತೇನೆ ಎಂದಾಗ ಇವನು ಫೋನಿನಲ್ಲೇ ಕೂಗಾಡಿದ್ದ. "ಇನ್ನೊಬ್ಬನ ಕೈ ನನ್ನ ಮನೆ ನೆಲಕ್ಕೆ ತಾಗಕೂಡದು. ನಾನೇ ಬಂದು ಹಾಕ್ತೀನಿ." ಅದು ಜಂಬವೂ ಹೌದು, ಪ್ರೀತಿಯೂ ಹೌದು. ದೂರ ಇದ್ದವನು ಇನ್ನೇನು ಕೊಟ್ಟಾನು? ಅವಳು ಆ ಮಾತನ್ನು ತಲೆ ಮೇಲೆ ಹೊತ್ತುಕೊಂಡಳು. ಒಂದು ಸಲ ಬಂದಾಗ ಟೈಲ್ಸ್ ಕೊಳ್ಳಲು ಆಗಲಿಲ್ಲ, ಇನ್ನೊಂದು ಸಲ ಮಗಳಿಗೆ ಜ್ವರ, ಮತ್ತೊಂದು ಸಲ ರಜೆಯೇ ಅರ್ಧಕ್ಕೆ ಮುಗಿಯಿತು. ಕೊನೆಗೆ ಅವಳೇ ಅಂಗಡಿ ಅಂಗಡಿ ತಿರುಗಿ, ತಿಳಿ ಬೂದು ಬಣ್ಣದ ಟೈಲ್ಸ್ ಆರಿಸಿ ತಂದು ಮೆಟ್ಟಿಲ ಕೆಳಗೆ ಪೇರಿಸಿಟ್ಟಿದ್ದಳು. ನಡುವೆ ಯಾವನೋ ಮೇಸ್ತ್ರಿ ಕೆಲಸ ಕೇಳಿಕೊಂಡು ಬಂದರೆ, "ನಮ್ಮ ಯಜಮಾನರೇ ಮೇಸ್ತ್ರಿ, ಅವರು ಬಂದು ಹಾಕ್ತಾರೆ" ಎಂದು ಎದೆ ಉಬ್ಬಿಸಿ ಕಳಿಸುತ್ತಿದ್ದಳು.

ಇವನ ಮಂಡಿ ಹೋಗಿದೆ ಎನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು?

ಟೈಲ್ಸ್ ಕೆಲಸ ಎಂದರೆ ದಿನವಿಡೀ ಮಂಡಿಯ ಮೇಲಿನ ಕೆಲಸ. ಗೋಡೆಯ ಮೂಲೆಯಲ್ಲಿ ಮಂಡಿಯೂರಿ ಶುರುಮಾಡಿದರೆ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬಂದು ಮುಗಿಸಬೇಕು. ಹೊಸ ಕಟ್ಟಡದ ಗಟ್ಟಿ ನೆಲದ ಮೇಲೆ ಹಾಗೆ ತೆವಳಿ ತೆವಳಿ ಅವನ ಮಂಡಿಯೊಳಗೆ ಮರಳು ಹೊಕ್ಕಂತಾಗಿತ್ತು. ಮಡಚಿದರೆ ಕಟಕಟ ಎನ್ನುತ್ತದೆ, ಕೂತರೆ ಏಳಲು ಗೋಡೆ ಬೇಕು. ಅಲ್ಲಿಯ ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು ನೋಡಿ, ಇನ್ನು ನೀನು ಮಂಡಿಯೂರುವ ಕೆಲಸ ಮಾಡಬೇಡ ಎಂದುಬಿಟ್ಟಿದ್ದರು. ಫೋರ್‌ಮನ್ ಹಳೆಯ ಪರಿಚಯದವನು. ಟೈಲ್ಸ್ ಕತ್ತರಿಸುವ ಯಂತ್ರದ ಮುಂದೆ ಇವನನ್ನು ನಿಲ್ಲಿಸಿದ್ದ. ಎಲ್ಲರಿಗೂ ಮಟ್ಟ ಹೇಳಿಕೊಡುತ್ತಿದ್ದ ಕೈ, ಈಗ ಹುಡುಗರು ಗೆರೆ ಎಳೆದುಕೊಟ್ಟದ್ದನ್ನು ಕತ್ತರಿಸಿ ಕೊಡುವ ಕೈಯಾಯಿತು. ಸಂಬಳದಲ್ಲಿ ಕಡಿಮೆ ಬಿದ್ದದ್ದನ್ನು ಓವರ್‌ಟೈಮ್ ಮಾಡಿ ಸರಿದೂಗಿಸಿ ಮನೆಗೆ ಮೊದಲಿನಷ್ಟೇ ಕಳಿಸುತ್ತಿದ್ದ. ಈ ಸಲ ರಜೆಗೆ ಹೊರಡುವಾಗ ಫೋರ್‌ಮನ್ ಹೇಳಿದ್ದು ಇಷ್ಟೇ: ಮನೆಯಲ್ಲಿ ಕೂತು ಯೋಚನೆ ಮಾಡು, ವಾಪಸ್ಸು ಬರಲೇಬೇಕೋ ಬೇಡವೋ ನೋಡು.

ಇನ್ನು ವಾಪಸ್ಸು ಹೋಗುವುದಿಲ್ಲ ಎಂದು ಮೇಸ್ತ್ರಿ ವಿಮಾನದಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. ಹೆಂಡತಿಗೆ ಹೇಳುವುದೊಂದು ಬಾಕಿ. ಅವಳೇ ಒಂದು ಸಲ, ಒಂದೇ ಒಂದು ಸಲ, "ಸಾಕು ಬಿಡಿ, ಇಲ್ಲೇ ಇದ್ದುಬಿಡಿ" ಎಂದುಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಬಾಯಿಂದ ಬರುತ್ತದೆ ಎಂದುಕೊಂಡಿದ್ದ.

ಅವಳು ಅನ್ನಬೇಕಲ್ಲ!

ದಿನಗಳು ಸರಿದವು. ಮೊದಲು ಅವನು ಟೈಲ್ಸಿನ ಪೆಟ್ಟಿಗೆ ಬಿಚ್ಚಿ ಬಣ್ಣ ಹೊಂದಿಸುತ್ತೇನೆ ಎಂದ. ಆಮೇಲೆ ನೆಲದ ಮಟ್ಟ ಸರಿಯಿಲ್ಲ ಎಂದ. ಆಮೇಲೆ ಮರಳು ದಪ್ಪ, ಜರಡಿ ಹಿಡಿಯಬೇಕು ಎಂದ. ನಿಂತುಕೊಂಡು ಮಾಡಬಹುದಾದ ಕೆಲಸವನ್ನೆಲ್ಲ ಮಾಡಿ ಮುಗಿಸಿದ. ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತರೆ ಇವನು ಕುರ್ಚಿ ಎಳೆದುಕೊಳ್ಳುತ್ತಿದ್ದ. ಭಾಮೈದ ಬಿಡುತ್ತಾನೆಯೇ?

"ದೊರೆಗಳಿಗೆ ಕುರ್ಚಿ ಹಾಕ್ರಪ್ಪ! ಹೊರದೇಶದ ನೀರು ಕುಡಿದ ಮೇಲೆ ನಮ್ಮ ಸರಿಸಮ ಕೂರೋಕಾಗುತ್ತಾ? ಭಾವ, ಮೇಲಿಂದ ನಾವು ಚಿಕ್ಕದಾಗಿ ಕಾಣ್ತೀವಾ?"

"ನೀನು ಎಲ್ಲಿಂದ ನೋಡಿದ್ರೂ ಹಾಗೇ ಕಾಣ್ತೀಯ ಮಾವ" ಎಂದಳು ಮಗಳು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಹೆಂಡತಿ ಮಾತ್ರ ನಗುತ್ತ ನಗುತ್ತಲೇ ಒಮ್ಮೆ ಕುರ್ಚಿಯ ಕಾಲಿನತ್ತ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. ಅವನಿಗೆ ಅಹಂಕಾರ ಬಂದಿದೆ ಎಂದು ಅವಳಿಗೂ ಅನಿಸಿತ್ತು.

ಒಂದು ಬೆಳಿಗ್ಗೆ ಅವಳು ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಾಗ ಅವನು ಕಷ್ಟಪಟ್ಟು ಮೆಟ್ಟಿಲು ಹತ್ತಿ ಹೋದ. ತಂತಿಗೆ ಕ್ಲಿಪ್ಪು ಸಿಕ್ಕಿಸಿಕೊಡುತ್ತ ಮೆಲ್ಲಗೆ ಮಾತು ತೆಗೆದ.

"ಇಲ್ಲೇ ಏನಾದ್ರೂ ಒಂದು ಅಂಗಡಿ ಇಟ್ಟುಕೊಂಡ್ರೆ ಹೇಗೆ ಅಂತ ಯೋಚನೆ ಮಾಡ್ತಿದ್ದೆ."

"ಯಾರು, ನನ್ನ ತಮ್ಮನಾ? ಅವನ ಕೈಲಿ ಆಗುತ್ತಾ ಅದೆಲ್ಲ!"

"ಅವನಲ್ಲ, ನಾನು."

ಅವಳು ಸೀರೆ ಕೊಡವುತ್ತ ನಕ್ಕೇಬಿಟ್ಟಳು. "ನೀವಾ? ಬಂದು ಒಂದು ವಾರಕ್ಕೇ ಈ ಧೂಳು, ಈ ಗದ್ದಲ ಅಂತ ಮುಖ ಸಿಂಡರಿಸ್ತೀರ. ಅಂಗಡಿ ಇಟ್ರೆ ಗಿರಾಕಿಗಳ ಜೊತೆ ಜಗಳ ಮಾಡೋಕೇ ನಿಮಗೆ ಹೊತ್ತು ಸಾಲಲ್ಲ. ಮಗಳ ಓದು ಒಂದು ದಡ ಮುಟ್ಟಲಿ, ಆಮೇಲೆ ನೋಡೋಣ. ಅದಿರಲಿ, ನೆಲ ಯಾವತ್ತು ಶುರು ಮಾಡ್ತೀರ? ಇಡೀ ಬೀದಿ ಕೇಳ್ತಿದೆ."

ಅವನು ಕೈಯಲ್ಲಿದ್ದ ಕ್ಲಿಪ್ಪನ್ನು ತಂತಿಗೆ ಸಿಕ್ಕಿಸಿದ. ಅಲ್ಲಿ ಬಟ್ಟೆಯೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಮಗಳು ಕಾಲೇಜಿಗೆ, ಭಾಮೈದ ಬಾಡಿಗೆಗೆ ಹೋಗಿದ್ದರು. ಮೇಸ್ತ್ರಿ ರೋಷದಿಂದ ಗಾರೆ ಕಲಸಿದ. ಮೂಲೆಯಿಂದ ಮೂಲೆಗೆ ದಾರ ಕಟ್ಟಿದ. ಆಗಿದ್ದಾಗಲಿ ಎಂದು ಗೋಡೆ ಹಿಡಿದು ಮೂಲೆಯಲ್ಲಿ ಮಂಡಿಯೂರಿದ. ಒಂದು ಟೈಲ್ಸ್ ಕೂರಿಸಿದ. ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಗುಳ್ಳೆ ಓಡಾಡುವ ರಸಮಟ್ಟ ಇಟ್ಟು ನೋಡಿದ, ಗುಳ್ಳೆ ನಡುವೆ ನಿಂತಿತು. ಕೈ ಏನೂ ಮರೆತಿರಲಿಲ್ಲ. ಎರಡನೆಯದನ್ನು ಕೂರಿಸಲು ಹಿಂದಕ್ಕೆ ಸರಿಯಬೇಕು. ಸರಿಯಲು ಹೋದ. ಬಲಗಾಲು ಬರಲಿಲ್ಲ. ಎಡಗಾಲೂ ಬರಲಿಲ್ಲ. ಕಣ್ಣು ಕತ್ತಲೆ ಕಟ್ಟಿ, ಹಸಿ ಗಾರೆಯ ಮೇಲೆ ಎರಡೂ ಕೈ ಊರಿ ಹಾಗೇ ನಿಂತುಬಿಟ್ಟ, ನಾಲ್ಕು ಕಾಲಿನ ಪ್ರಾಣಿಯಂತೆ.

ಹೆಂಡತಿ ಚಹಾ ಹಿಡಿದು ಬಂದಳು. "ಶುರು ಮಾಡಿಬಿಟ್ರಾ? ಒಂದು ಮಾತು ಹೇಳಬಾರದಾ..." ಎಂದವಳು ನಿಂತಳು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

"ಏನಾಯ್ತು ರೀ?"

"ಏಳೋಕಾಗ್ತಿಲ್ಲ."

ಅವಳು ಮೊದಲು ಮಾಡಿದ ಕೆಲಸ ಮುಂಬಾಗಿಲು ಹಾಕಿ ಚಿಲಕ ಹಾಕಿದ್ದು. ಆಮೇಲೆ ಅವನ ಕಂಕುಳಿಗೆ ಕೈ ಕೊಟ್ಟು ಎಳೆದಳು, ಆಗಲಿಲ್ಲ. ಪಕ್ಕಕ್ಕೆ ಹೊರಳಿಸಿ ಗೋಡೆಗೆ ಒರಗಿಸಿದಳು. ಪ್ಯಾಂಟಿನ ಕಾಲು ಮೇಲೆ ಸರಿಸಿ ನೋಡಿದಳು. ಮಂಡಿಯ ಚರ್ಮ ಕಪ್ಪಾಗಿ, ಒರಟಾಗಿ, ಹಳೆಯ ಚಪ್ಪಲಿಯ ಅಟ್ಟೆಯಂತಿತ್ತು. ಒಳಗೆ ನೀರು ತುಂಬಿದಂತೆ ಊದಿತ್ತು. ಬಂದಾಗಿನಿಂದ ಅವನು ಉದ್ದ ಪ್ಯಾಂಟು ಬಿಟ್ಟು ಬೇರೇನೂ ಹಾಕಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ?"

"ತುಂಬಾ ದಿನ ಆಯ್ತು."

"ಫೋನಲ್ಲಿ ಕೇಳಿದಾಗೆಲ್ಲ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ ಅಂತಿದ್ರಲ್ಲ, ಬಾಯಿಗೆ ಏನಾಗಿತ್ತು?"

ಅವಳು ಮುಲಾಮು ತಂದು ತಿಕ್ಕತೊಡಗಿದಳು. ಅವಳ ಕೈ ಅಷ್ಟು ಹತ್ತಿರ, ಅಷ್ಟು ಹೊತ್ತು ಅವನ ಮೈಮೇಲೆ ಇದ್ದು ಎಷ್ಟೋ ಕಾಲವಾಗಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡ. ಮಾತು ತುದಿನಾಲಿಗೆಗೆ ಬಂತು. ಅಷ್ಟರಲ್ಲಿ ಅವಳೇ ತಲೆಯೆತ್ತದೆ ಕೇಳಿದಳು.

"ಅಲ್ಲಿಯವರಿಗೆ ಗೊತ್ತಾ?"

"ಗೊತ್ತು. ಟೈಲ್ಸ್ ಹಾಕಿಸ್ತಿಲ್ಲ ಈಗ. ಕಟಿಂಗ್ ಮೆಷಿನ್ ಹತ್ರ ಹಾಕಿದ್ದಾರೆ."

"ಅದು ಕೂತು ಮಾಡೋದಾ, ನಿಂತಾ?"

"ನಿಂತು."

"ಸದ್ಯ!" ಎಂದಳು.

ಅವಳು ಕೆಟ್ಟವಳಲ್ಲ. ಮಂಡಿ ನೋಡಿದ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಮಗಳ ಕಾಲೇಜು, ಒಲೆ, ನಾಳೆ, ಎಲ್ಲ ಒಟ್ಟಿಗೆ ಕುಸಿದಿರಬೇಕು. ಗಂಡನ ಕೆಲಸ ಉಳಿದಿದೆ ಎಂದಾಗ ಉಸಿರು ಬಿಟ್ಟಳು, ಅಷ್ಟೆ. ಆದರೆ ಆ ಒಂದು ಮಾತು ಮೇಸ್ತ್ರಿಯ ಬಾಯಿಗೆ ಬೀಗ ಹಾಕಿತು. ಅವನು ಕೂಗಾಡಬಹುದಿತ್ತು. ಯಾರ ಮೇಲೆ? ಕೆಲಸ ಹೋಗಿಲ್ಲ ಎಂದು ಸಮಾಧಾನಪಟ್ಟವಳ ಮೇಲೆಯೇ? ಅವಳ ಕೈ ಇನ್ನೂ ಅವನ ಮಂಡಿ ತಿಕ್ಕುತ್ತಲೇ ಇತ್ತು.

"ತಮ್ಮನಿಗೆ ಗೊತ್ತಾಗೋದು ಬೇಡ" ಎಂದಳು ಆಮೇಲೆ. "ಬೀದಿಯವರಿಗಂತೂ ಬೇಡವೇ ಬೇಡ. ನೀವು ಹೇಳಿ, ನಾನು ಹಾಕ್ತೀನಿ."

"ನಿನಗೆ ತಲೆಗಿಲೆ ಕೆಟ್ಟಿದ್ಯಾ?"

"ನೀವೇ ಹಾಕಿದ್ದು ಅಂತ ಆಗಬೇಕೋ ಬೇಡವೋ?"

ಅಲ್ಲಿಂದ ದಿನವೂ, ಮನೆಯಲ್ಲಿ ಇಬ್ಬರೇ ಇರುವ ಹೊತ್ತಿಗೆ ಬಾಗಿಲು ಮುಚ್ಚುತ್ತಿತ್ತು. ಅವನು ಕುರ್ಚಿಯ ಮೇಲೆ ಕೂರುತ್ತಿದ್ದ, ಅವಳು ಸೆರಗು ಸಿಕ್ಕಿಸಿ, ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರುತ್ತಿದ್ದಳು. "ಗಾರೆ ಇಷ್ಟೇ ಸಾಕು. ಮೂಲೆ ತಟ್ಟು. ಅಲ್ಲಲ್ಲ, ಆ ಮೂಲೆ. ಸದ್ದು ಕೇಳು, ಟೊಳ್ಳು ಅನ್ನುತ್ತೆ, ತೆಗಿ." ಅವನು ಸಿಟ್ಟು ಮಾಡಿದರೆ ಅವಳೂ ತಿರುಗಿ ಬೀಳುತ್ತಿದ್ದಳು: "ಬಯ್ಯೋದಾದ್ರೆ ಕೆಳಗೆ ಬನ್ನಿ!" ಎಂದುಬಿಟ್ಟು ತಾನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ನಿಜ ಹೇಳಬೇಕೆಂದರೆ, ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಮಾತಾಡಿದ್ದು ಆಗಲೇ. ಮೇಸ್ತ್ರಿಗೆ ಆ ಬಾಗಿಲು ತೆರೆಯುವುದೇ ಬೇಡ ಎನಿಸುತ್ತಿತ್ತು. ನೆಲ ಮುಗಿಯುತ್ತ ಬಂದ ಹಾಗೆಲ್ಲ ಅವನು ಸುಮ್ಮಸುಮ್ಮನೆ ತಪ್ಪು ಹುಡುಕಿ ಕೀಳಿಸಿದ. ಆದರೂ ನೆಲ ಮುಗಿಯಿತು.

ಭಾಮೈದ ಬಂದು ಚಪ್ಪಲಿ ಬಿಟ್ಟು ಆ ತುದಿಯಿಂದ ಈ ತುದಿಗೆ ನಡೆದ. ಬಗ್ಗಿ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿ ನೋಡಿದ.

"ಕೈ ಅಂದ್ರೆ ಇದಪ್ಪ ಕೈ! ತಪ್ಪಾಯ್ತು ಭಾವ, ದೊರೆ ಗಿರೆ ಅಂದಿದ್ದೆಲ್ಲ ವಾಪಸ್ ತಗೊಂಡೆ. ಇಂಥ ಕೈ ಇಟ್ಟುಕೊಂಡು ನೀವು ಇನ್ನೂ ಹತ್ತು ವರ್ಷ ಆರಾಮಾಗಿ ಅಲ್ಲಿ ದುಡೀಬಹುದು. ಅಲ್ವೇನಕ್ಕ?"

ಹೆಂಡತಿ ಸಿಮೆಂಟು ತಿಂದು ಬಿರುಕು ಬಿಟ್ಟಿದ್ದ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮಗಳು ಮಾತ್ರ ಖುಷಿಯಲ್ಲಿ ಅಪ್ಪನ ಕುರ್ಚಿಯ ಹಿಂದೆ ಬಂದು, ಹುಟ್ಟಿದಾಗಿನಿಂದ ಮೊದಲ ಸಲವೋ ಎಂಬಂತೆ ಅವನ ಭುಜದ ಮೇಲೆ ಗಲ್ಲ ಊರಿದಳು.

"ಅಪ್ಪ, ಮುಂದಿನ ಸಲ ಬಂದಾಗ ಮೆಟ್ಟಿಲಿಗೂ ಹಾಕಿಕೊಡ್ತೀಯಾ?"

"ಸುಮ್ನಿರೇ!" ಹೆಂಡತಿ ಎಷ್ಟು ಜೋರಾಗಿ ಕಿರುಚಿದಳೆಂದರೆ ಭಾಮೈದ ನಡೆಯುತ್ತಿದ್ದವನು ನಿಂತುಬಿಟ್ಟ. ಹುಡುಗಿ ಬೆಚ್ಚಿ ಅಪ್ಪನ ಭುಜದಿಂದ ಗಲ್ಲ ತೆಗೆದಳು. ಯಾಕೆ ಬೈಸಿಕೊಂಡೆ ಎಂದು ಅವಳಿಗೆ ತಿಳಿಯಲಿಲ್ಲ.

ಮೇಸ್ತ್ರಿ ಕೈ ಹಿಂದಕ್ಕೆ ಚಾಚಿ ಮಗಳ ತಲೆ ಹುಡುಕಿ ಸವರಿದ. ಅವಳು ಏಕವಚನದಲ್ಲಿ ಕೇಳಿದ್ದಳು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಹಾಕೋಣ ಮಗಳೇ" ಎಂದ. "ಬಂದಾಗ ಹಾಕೋಣ."