ಎರಡೂ ತುದಿ ಒಂದೇ ಥರ

ಟೈಪಮ್ಮನ ಅಜ್ಜ ಹಗ್ಗ ಹೊಸೆಯುವವನು. ಅವನ ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟ ಕೊಡ ಮೇಲೆ ಬರದೆ ಉಳಿದದ್ದನ್ನು ಕಂಡವರಿಲ್ಲ. ಅವನ ಮಗ, ಅಂದರೆ ಇವಳ ಅಪ್ಪ, ಹಗ್ಗ ಬಿಟ್ಟು ತಂತಿ ಹಿಡಿದ. ಟೆಲಿಫೋನ್ ಲೈನ್‌ಮನ್ ಆದ. ಬಿರುಗಾಳಿಗೆ ಮೂರು ಕಂಬ ಒಟ್ಟಿಗೆ ಮಲಗಿ ಆಸ್ಪತ್ರೆಯ ಫೋನು ಸತ್ತ ದಿನ, ಆ ಪುಣ್ಯಾತ್ಮ ಒಬ್ಬನೇ ನಿಂತು ಸಂಜೆಯೊಳಗೆ ಆ ಫೋನಿನ ಗಂಟೆ ಬಾರಿಸಿದ. ಅವನಿಗಿದ್ದದ್ದು ಒಂದೇ ಹಟ. ತಂತಿಯ ಎರಡೂ ತುದಿ ಒಂದೇ ಥರ ಇರಬೇಕು, ಬಣ್ಣದ ಎದುರು ಅದೇ ಬಣ್ಣ ಬರಬೇಕು. ಒಂದು ತುದಿ ನೋಡಿದರೆ ಇನ್ನೊಂದು ಕಣ್ಣಿಗೆ ಕಟ್ಟಬೇಕು. ತಪ್ಪಿದರೆ ಊಟ ಬಿಟ್ಟು ಎದ್ದುಹೋಗಿ ಬಿಚ್ಚಿ ಕಟ್ಟುತ್ತಿದ್ದ.

ಮಗಳ ಓದು ಏಳನೇ ಕ್ಲಾಸಿಗೆ ನಿಂತಿತು, ಕೈ ನಿಲ್ಲಲಿಲ್ಲ. ಟೈಪು ಮಾಡುವುದನ್ನು ಯಾರದೋ ಅಂಗಡಿಯ ಕಿಟಕಿಯಿಂದ ನೋಡಿ ಕಲಿತಳು. ಕಂಪ್ಯೂಟರ್ ಬಂದಾಗ ಅದನ್ನೂ ಕುಟ್ಟಿ ಕುಟ್ಟಿಯೇ ಪಳಗಿಸಿದಳು. ಊರವರ ಅರ್ಜಿಗಳೆಲ್ಲ ಅವಳ ಬೆರಳಿನಿಂದಲೇ ಹೊರಟು, ಹೆತ್ತವರಿಟ್ಟ ಹೆಸರು ಮೂಲೆ ಸೇರಿ ‘ಟೈಪಮ್ಮ’ ಉಳಿಯಿತು.

ಗಂಡ ಬಸ್ ನಿಲ್ದಾಣದ ಅನೌನ್ಸರು. ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಂಡಿತು. ಉಳಿದದ್ದು ‘ಹಾಂ’ ಒಂದೇ. ಆಸ್ಪತ್ರೆಯಲ್ಲಿ ಅವಳು ಬಿಕ್ಕುತ್ತಿದ್ದಾಗ ಅವರು ಎಡಗೈ ಎತ್ತಿ ಅವಳ ತುಟಿ ಮುಟ್ಟಿ, ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡರು. ನೀನು ಹೇಳು, ನಾನು ಕೇಳುತ್ತೇನೆ ಎಂದು. ಅಂದಿನಿಂದ ಅವಳು ಐದು ನಿಮಿಷ ಬಾಯಿ ಮುಚ್ಚಿಕೊಂಡರೆ ಆ ಕೈ ಏಳುತ್ತದೆ.

ಮಾತು ಕಲಿಸುವ ಡಾಕ್ಟರಮ್ಮ ಮೊನ್ನೆ ಒಂದು ದಾರಿ ಹೇಳಿದ್ದಳು. "ಅವರದೇ ಹಳೇ ದನಿ ಎಲ್ಲಾದ್ರೂ ಇದ್ರೆ ತನ್ನಿ ಅಮ್ಮ. ಕೆಲವರ ನಾಲಿಗೆ ಬೇರೆಯವರ ಮಾತಿನ ಹಿಂದೆ ಹೋಗಲ್ಲ, ತನ್ನ ಮಾತಿನ ಹಿಂದೆ ಹೋಗತ್ತೆ."

ದನಿ ಇತ್ತು. ನಿಲ್ದಾಣಕ್ಕೆ ಹೊಸ ಬಸ್ಸು ಸೇರಿದಾಗಲೆಲ್ಲ ಅವರು ಅದರ ಅನೌನ್ಸ್‌ಮೆಂಟನ್ನು ಮನೆಯ ಹಳೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಕೇಳಿ ತಿದ್ದಿಕೊಳ್ಳುತ್ತಿದ್ದರು. ಆದರೆ ಆ ಕಂಪ್ಯೂಟರು ಈಗ ಮೇಲುಸಿರು ಬಿಡುತ್ತಿತ್ತು. ಸ್ಪೀಕರು ಮೂಕ, ಪೆನ್‌ಡ್ರೈವ್ ಚುಚ್ಚುವ ತೂತುಗಳು ಸತ್ತಿವೆ, ಸಿಡಿ ತಟ್ಟೆ ಜಪ್ಪಯ್ಯ ಎಂದರೂ ಹೊರಬಾರದು. ಒಳಗಿನ ಡಿಸ್ಕು ಟಕ್ ಟಕ್ ಎನ್ನುತ್ತಿದೆ. ಹೋದ ವಾರ ಆರಿಸಿದ್ದನ್ನು ಎಬ್ಬಿಸಲು ಹತ್ತೊಂಬತ್ತು ಸಲ ಗುಂಡಿ ಒತ್ತಬೇಕಾಯಿತು. ಇನ್ನೊಮ್ಮೆ ಆರಿಸಿದರೆ ಎದ್ದೀತೆಂಬ ನಂಬಿಕೆ ಇರಲಿಲ್ಲ. ಜೀವ ಇದ್ದದ್ದು ನೆಟ್‌ವರ್ಕ್ ತಂತಿಯ ಕಿಂಡಿಯೊಂದಕ್ಕೇ. ತನ್ನ ಟೈಪಿನ ಅಂಗಡಿಯಿಂದ ತಂದಿದ್ದ ಇನ್ನೊಂದು ಕಂಪ್ಯೂಟರನ್ನು ಅವಳು ಅದರ ಪಕ್ಕ ಕೂರಿಸಿದಳು. ಅದೂ ಹಳೆಯದೇ, ತುಸು ಗಟ್ಟಿ ಅಷ್ಟೆ. ಇಬ್ಬರ ನಡುವೆ ನೇರ ತಂತಿ ಎಳೆಯಲು ಕೂತಳು.

ಎಂಟು ಎಳೆಗಳನ್ನು ಬಿಡಿಸಿ, ಬಣ್ಣ ಹೊಂದಿಸಿ, ಎರಡೂ ತುದಿಗೆ ಪ್ಲಗ್ಗು ಅಮುಕಿದಳು. ಅಪ್ಪ ನೋಡಿದ್ದರೆ ಬೆನ್ನು ತಟ್ಟಬೇಕು, ಹಾಗಿತ್ತು. ಸಿಕ್ಕಿಸಿದರೆ ಕಿಂಡಿಯ ಪಕ್ಕದ ದೀಪ ಹತ್ತಲಿಲ್ಲ. ಕತ್ತರಿಸಿ ಮತ್ತೆ ಕಟ್ಟಿದಳು. ಆಗಲೂ ಇಲ್ಲ.

ಫ್ಯಾನಿನ ಮೋಟಾರು ಸುತ್ತುವ ಅವಳ ತಮ್ಮ ಮೀಟರು ತಂದು ಒಂದೊಂದೇ ಎಳೆ ನೋಡಿದ. "ಎಂಟೂ ಸರಿಯಿದೆ ಅಕ್ಕ. ಕೆಟ್ಟಿರೋದು ತಂತಿ ಅಲ್ಲ, ನಿನ್ನ ಜಂಬ."

"ಜಂಬ ನಮ್ಮಪ್ಪನ ಆಸ್ತಿ ಕಣೋ. ನಿನ್ನ ಪಾಲಿಗೆ ಬರಲಿಲ್ಲ ಅಂತ ಹೊಟ್ಟೆಕಿಚ್ಚಾ?"

"ಡಿಸ್ಕು ಬಿಚ್ಚಿಕೊಡು, ರಿಪೇರಿ ಅಂಗಡಿಗೆ ಒಯ್ತೀನಿ."

"ಬಿಚ್ಚಬೇಕಂದ್ರೆ ಆರಿಸಬೇಕು. ಆರಿಸಿದ್ಮೇಲೆ ಅದು ಏಳದಿದ್ರೆ ನಿನ್ನ ಭಾವನ ದನಿ ನೀನು ತಂದ್ಕೊಡ್ತೀಯಾ?"

ತಮ್ಮ ಮೀಟರನ್ನು ಚೀಲಕ್ಕಿಳಿಸಿದ. ಅವಳು ಮುಖ ಊದಿಸಿಕೊಂಡು ಯಜಮಾನರ ಕುರ್ಚಿಯ ಪಕ್ಕ ನೆಲಕ್ಕೆ ಕೂತಳು. ಆ ಕೈ ಎದ್ದಿತು. ಅವಳ ತುಟಿ, ಆಮೇಲೆ ಅವರ ಕಿವಿ.

"ಏನು ಹೇಳ್ಲಿ ರೀ? ಎರಡನ್ನೂ ಎದುರುಬದುರು ಕೂರಿಸಿದೀನಿ. ಮೂತಿಗೆ ಮೂತಿ ಕೊಟ್ಕೊಂಡು..." ಎಂದವಳ ಮಾತು ಅಲ್ಲಿಗೇ ನಿಂತಿತು. ಅವರ ಬೆರಳು ಇನ್ನೂ ಕಿವಿಯ ಮೇಲೇ ಇತ್ತು. ಅವಳ ಬಾಯಿ, ಅವರ ಕಿವಿ. ಬಾಯಿಗೆ ಬಾಯಿ ಅಲ್ಲ.

ಅಯ್ಯೋ ನನ್ನ ಬುದ್ಧಿಗಿಷ್ಟು. ಎರಡೂ ತುದಿ ಒಂದೇ ಥರ ಕಟ್ಟಿದರೆ ಇದು ಮಾತಾಡುವ ಎಳೆ ಅದು ಮಾತಾಡುವ ಎಳೆಗೇ ಸೇರುತ್ತದೆ. ಇಬ್ಬರೂ ಕೂಗುತ್ತಾರೆ, ಕೇಳುವವರಿಲ್ಲ. ಅಂಗಡಿಯಲ್ಲಿ ಕಂಪ್ಯೂಟರುಗಳ ನಡುವೆ ಒಂದು ಡಬ್ಬಿ ಇರುತ್ತಿತ್ತು, ಅದಲುಬದಲು ಅದರ ಹೊಟ್ಟೆಯೊಳಗೇ ಆಗುತ್ತಿತ್ತು. ಇಲ್ಲಿ ಡಬ್ಬಿ ಇಲ್ಲ. ಒಂದು ತುದಿಯಲ್ಲಿ ಕಿತ್ತಳೆ ಜೋಡಿಯ ಜಾಗಕ್ಕೆ ಹಸಿರು ಜೋಡಿ, ಹಸಿರಿನ ಜಾಗಕ್ಕೆ ಕಿತ್ತಳೆ ಹೋಗಬೇಕು.

ಕತ್ತರಿ ಹಿಡಿದ ಕೈ ಒಂದು ಗಳಿಗೆ ತಡೆಯಿತು. ಹುಟ್ಟಿದಂದಿನಿಂದ ಅವಳು ಬೇರೆ ಬೇರೆ ತುದಿಯ ತಂತಿ ಕಟ್ಟಿದವಳಲ್ಲ. "ತಪ್ಪು ತಿಳ್ಕೋಬೇಡಪ್ಪ" ಎಂದು ಮೆಲ್ಲಗೆ ಅಂದು ಕತ್ತರಿಸಿದಳು. ಉಳಿದಿದ್ದ ಕೊನೆಯ ಪ್ಲಗ್ಗಿಗೆ ಎಳೆಗಳನ್ನು ಅದಲುಬದಲು ಮಾಡಿ ಅಮುಕಿದಳು.

ಹಸಿರು ದೀಪ ಹತ್ತಿತು. ಬೆನ್ನಿಗೇ ಪರದೆಯ ಮೇಲೆ ತಕರಾರು: ಈ ನಂಬರು ಇನ್ನೊಬ್ಬರ ಬಳಿ ಇದೆ. ನೋಡಿದರೆ ಎರಡೂ ಕಂಪ್ಯೂಟರಿಗೆ ವಿಳಾಸದ ನಂಬರನ್ನೂ ಒಂದೇ ಥರ ಬರೆದಿದ್ದಳು.

ತಮ್ಮ ನಕ್ಕ. "ಇದೂ ಅಪ್ಪನ ಆಸ್ತೀನಾ?"

"ಹೂಂ, ಇದರಲ್ಲಿ ನಿನಗೂ ಪಾಲು ಕೊಡ್ತೀನಿ, ತಗೋ" ಎಂದು ಅವಳು ಒಂದರ ನಂಬರಿನ ಕೊನೆಯ ಐದನ್ನು ಆರು ಮಾಡಿದಳು. ಇದು ಕರೆಯಿತು, ಅದು ಓಗೊಟ್ಟಿತು. ಮನೆಯದರ ಫೋಲ್ಡರು ಅಂಗಡಿಯದರಲ್ಲಿ ತೆರೆದುಕೊಂಡು ಫೈಲುಗಳು ಒಂದೊಂದಾಗಿ ಬರತೊಡಗಿದವು. ನಲವತ್ತು ನಿಮಿಷ ಎಂದಿತು ಪರದೆ.

ಅಷ್ಟರಲ್ಲಿ ದೀಪ ಮಿಣುಕಿತು. ಹಳೇ ಕಿಂಡಿಯ ಹಲ್ಲು ಸವೆದು ಪ್ಲಗ್ಗು ಕಚ್ಚಿಕೊಳ್ಳುತ್ತಿರಲಿಲ್ಲ. ಅವಳು ಮೇಜಿನ ಕೆಳಗೆ ತೂರಿ, ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದಳು. ದೀಪ ನಿಂತಿತು.

"ಬಂದಿರೋದ್ರಲ್ಲಿ ಒಂದು ಹಾಕು" ಎಂದಳು ಅಲ್ಲಿಂದಲೇ. ತಮ್ಮ ಹಾಕಿದ.

"ಪ್ರಯಾಣಿಕರ ಗಮನಕ್ಕೆ," ಎಂದಿತು ತುಂಬು ಕಂಠ. ಒಂದು ಕೆಮ್ಮು. ಮತ್ತೆ ಅದೇ ದನಿ, ಮೈಕಿನಿಂದಾಚೆಗೆ ತಿರುಗಿ: "ನೀರು ತಂದ್ಯಾ? ಇಡು ಅಲ್ಲೇ. ಬಾ, ಹೇಗಿದೆ ಕೇಳು."

ಕುರ್ಚಿಯಲ್ಲಿದ್ದವರ ತುಟಿ ಅದುರಿತು. ತಮ್ಮ ಅದನ್ನೇ ಮತ್ತೊಮ್ಮೆ ಹಾಕಿದ. ಮೂರನೆಯ ಸಲಕ್ಕೆ ದನಿಯ ಬೆನ್ನಿಗೇ ಇನ್ನೊಂದು ದನಿ, ತೊದಲಿ, ಒರಟಾಗಿ ಬಂತು. "ಬಾ..."

ಮೇಜಿನ ಕೆಳಗೆ ಅವಳ ಬೆನ್ನು ಅಲುಗಿತು, ಹೆಬ್ಬೆರಳು ಅಲುಗಲಿಲ್ಲ.

ತಮ್ಮ ಬಗ್ಗಿ ನೋಡಿದ. "ಎದ್ದು ಬಾ ಅಕ್ಕ, ಭಾವ ನಿನ್ನನ್ನೇ ಕರೀತಿದಾರೆ. ಕೊಡು, ನಾನು ಹಿಡ್ಕೋತೀನಿ."

"ಬೇಡ ಕಣೋ. ಕೇಳಿಸ್ತು ನಂಗೆ. ಕೈ ಬದಲಾಯಿಸೋ ಅಷ್ಟರಲ್ಲಿ ದೀಪ ಆರಿದ್ರೆ? ನೀನು ಹೋಗಿ ಅವರ ಪಕ್ಕ ಕೂತ್ಕೋ, ಇನ್ನೊಂದು ಸಲ ಹಾಕು. ಇದನ್ನ ನಾನೇ ಹಿಡ್ಕೋತೀನಿ."