ದಪ್ಪ ಮೂಗಿನ ಅಕ್ಕ

ಇಪ್ಪತ್ತು ವರ್ಷದಿಂದ ಅಕ್ಕನಿಗೆ ತಮ್ಮನ ಮೇಲೆ ಇದ್ದ ಸಿಟ್ಟು ಒಂದೇ: ಮೂಗಿನದು.

ಉದ್ದವಾದದ್ದನ್ನು ಮೋಟು ಮಾಡಿ, ಬಿಗಿಯಾದದ್ದನ್ನು ಸಡಿಲ ಮಾಡಿ ಹೊಲಿದುಕೊಡುವ ಸಣ್ಣ ಅಂಗಡಿ ಅವಳದು. ಒಣಕಲು ಮೈ, ಚೂಪು ಮೂಗು, ಕೊರಳಲ್ಲಿ ಸದಾ ಅಳತೆ ಟೇಪು. ತಮ್ಮ ಮನೆಮನೆಯ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸದವನು. ಉಳಿದ ಹೊತ್ತಿನಲ್ಲಿ ತನ್ನ ಬದುಕನ್ನೇ ಕಾಮಿಕ್ಸ್ ಪುಸ್ತಕ ಮಾಡುತ್ತಿದ್ದ. ಅದರಲ್ಲಿ ಕತ್ತಿಯಿಲ್ಲ, ಹಾರುವ ಮನುಷ್ಯರಿಲ್ಲ. ಛತ್ರಿ ಕಳೆದದ್ದು, ಹಲ್ಲುನೋವು ಬಂದದ್ದು, ಅಕ್ಕ ಬೈದದ್ದು. ಇದನ್ನು ಕಾಸು ಕೊಟ್ಟು ಓದುವವರೂ ಇದ್ದಾರಲ್ಲ ಎಂದು ಅಕ್ಕ ಹಣೆ ಚಚ್ಚಿಕೊಂಡಿದ್ದಳು.

ಅವನಿಗೆ ಚಿತ್ರ ಬರೆಯಲು ಸುತರಾಂ ಬರುತ್ತಿರಲಿಲ್ಲ. ಹಾಳೆಯಲ್ಲಿ ಚೌಕ ಎಳೆದು, ಗೀಟಿನ ಮನುಷ್ಯರನ್ನು ನಿಲ್ಲಿಸಿ, ಮಾತು ತುಂಬಿ, ಬೇರೆ ಊರಿನ ಚಿತ್ರಗಾರನಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಅಕ್ಕನನ್ನು ಒಮ್ಮೆಯೂ ಕಾಣದ ಆ ಪುಣ್ಯಾತ್ಮ ಅವಳಿಗೆ ಡೊಳ್ಳು ಹೊಟ್ಟೆ, ದಪ್ಪ ಕನ್ನಡಕ, ಬದನೆಕಾಯಿಯಂಥ ಮೂಗು ಅಂಟಿಸಿಬಿಟ್ಟ.

"ಮಾತೆಲ್ಲ ನಂದು, ಮೂತಿ ಯಾರದೋ. ಆ ಅಕ್ಕ ನಾನಲ್ಲಪ್ಪಾ," ಎಂದು ಅವಳು ಜಗಳ ತೆಗೆದಳು. ಅವನು ಅದನ್ನೂ ಬರೆದ. ಮುಂದಿನ ಪುಸ್ತಕದಲ್ಲಿ ದಪ್ಪ ಮೂಗಿನವಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು "ಆ ಅಕ್ಕ ನಾನಲ್ಲಪ್ಪಾ" ಎಂದಳು. ಓದುಗರು ಅದನ್ನು ಬಾಯಿಪಾಠ ಮಾಡಿಕೊಂಡರು.

ಈಗ ತಮ್ಮ ಹೋಗಿ ಎರಡು ವಾರ. ಅಭಿಮಾನಿಗಳು ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮೇಲಂತಸ್ತಿನಲ್ಲಿ ಸಭೆ ಸೇರಿಸಿದ್ದರು. ಒಬ್ಬಳೇ ಹೋಗಲು ಕಾಲು ಬಾರದೆ ಅಕ್ಕ ಕೆಳಮನೆಯ ಹೆಂಗಸನ್ನು ಜೊತೆಗೆ ಕರೆದುಕೊಂಡಳು. ಮನಸ್ಸಿನಲ್ಲಿ ಒಂದೇ ಹಟ. ಇವತ್ತಾದರೂ ಎಲ್ಲರೆದುರು ಎದ್ದು ನಿಂತು, ಅವನ ಅಕ್ಕ ನಾನು, ನನ್ನ ಮುಖ ಇದು, ಎಂದು ಹೇಳಿಬಿಡಬೇಕು.

ಎಡವಟ್ಟಾದದ್ದು ಬಾಗಿಲಲ್ಲೇ. ಕೆಳಮನೆಯವರು ದಪ್ಪ, ಕನ್ನಡಕ ಹಾಕುವವರು, ಮೂಗಿನ ಮಾತು ಬಿಡಿ. ಜನ "ಅಕ್ಕಾ" ಎಂದು ಅವರನ್ನು ಮುತ್ತಿಕೊಂಡು ಗೊಳೋ ಎಂದು ಅತ್ತರು.

"ಅಯ್ಯೋ, ನಾನಲ್ಲಪ್ಪಾ," ಎಂದರು ಕೆಳಮನೆಯವರು.

ಅಳುತ್ತಿದ್ದವರೆಲ್ಲ ನಕ್ಕರು. "ಅದೇ ಮಾತು ನೋಡಿ, ಅದೇ ಧಾಟಿ," ಎಂದು ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದರು. ಹಿಂದೆಯೇ ಹೊರಟ ಅಕ್ಕನನ್ನು ಒಬ್ಬ ಅಡ್ಡಗಟ್ಟಿದ. "ಅಮ್ಮಾ, ಮನೆಯವರಿಗೆ ಜಾಗ ಬಿಡಿ, ನೀವು ಹಿಂದೆ ಕೂತ್ಕೊಳ್ಳಿ."

"ನಾನೇ ಕಣಪ್ಪಾ ಮನೆಯವಳು."

"ಎಲ್ಲರಿಗೂ ಹಾಗೇ ಅನ್ಸುತ್ತಮ್ಮಾ. ಅವರು ಬರೀತಿದ್ದಿದ್ದೇ ಹಾಗೆ," ಎಂದು ಅವನು ಕಣ್ಣೊರೆಸಿಕೊಂಡ.

ಅಕ್ಕನ ಮೈಯೆಲ್ಲ ಉರಿದುಹೋಯಿತು. ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಅವನ ಹಲ್ಲುನೋವನ್ನು ತಮ್ಮದೇ ಹಲ್ಲು ಎಂಬಂತೆ ವರ್ಣಿಸಿದರು. ಅವತ್ತು ಅವನನ್ನು ಡಾಕ್ಟರ ಹತ್ತಿರ ದರದರ ಎಳೆದುಕೊಂಡು ಹೋಗಿದ್ದವಳು ಕೊನೆಯ ಸಾಲಿನ ಕಾಲಲುಗುವ ಕುರ್ಚಿಯಲ್ಲಿದ್ದಳು. ಆಮೇಲೆ ಚಿತ್ರಗಾರನನ್ನು ಮಾತಿಗೆ ಕರೆದರು. ಅವಳ ಪಕ್ಕದಲ್ಲೇ ಕುಳಿತಿದ್ದ ನರೆಗೂದಲಿನವನು, ಉಗುರಿಗೆ ಮಸಿ ಹತ್ತಿದವನು, ಒಲ್ಲೆ ಎಂದು ತಲೆಯಾಡಿಸಿದ.

ಅಕ್ಕ ಸರ್ರನೆ ತಿರುಗಿದಳು. "ಆ ಮೂಗು ಬರೆದವರು ನೀವೇ ಏನ್ರೀ?"

"ಯಾವ ಮೂಗು?"

"ನಂದು. ಅಂದ್ರೆ, ನಂದಲ್ಲದ್ದು."

ಅವನು ಅವಳ ಮುಖ ನೋಡಿದ. ಮನೆಯಲ್ಲಿ ತೆಗೆದಿಡಲು ಮರೆತಿದ್ದ ಟೇಪು ನೋಡಿದ. ತೊಡೆಯ ಮೇಲಿದ್ದ ಕಟ್ಟು ಬಿಚ್ಚಿ, ಹಳದಿಗಟ್ಟಿದ ಒಂದು ಹಾಳೆ ಅವಳ ಕೈಗಿಟ್ಟ. "ಹೇಳಿದ್ದನ್ನ ಬರ್ದೆ, ಅಷ್ಟೇ."

ಮೊದಲ ಪುಸ್ತಕದ ಮೊದಲ ಹಾಳೆ. ಗೀಟಿನ ಮನುಷ್ಯರೆಲ್ಲ ಒಂದೇ ಥರ ಇದ್ದರು, ಒಬ್ಬಳನ್ನು ಬಿಟ್ಟು. ಅವಳಿಗೆ ಚೂಪು ಮೂಗಿತ್ತು, ಕೊರಳಲ್ಲಿ ಟೇಪಿತ್ತು. ಪಕ್ಕದಲ್ಲಿ ತಮ್ಮನ ಕೋಳಿಕಾಲಿನ ಅಕ್ಷರ: "ಅಕ್ಕ ಇರೋದು ಹೀಗೆ. ದಯವಿಟ್ಟು ಹೀಗೆ ಬರೀಬೇಡಿ. ಬಾಗಿಲು ತೆಗೆದಿಟ್ಟು ಅಂಗಡಿಯಲ್ಲಿ ಕೂರೋಳು. ಗುರುತು ಹಿಡಿದ್ರೆ ಜನ ಅವಳನ್ನ ನೆಮ್ಮದಿಯಾಗಿ ಹೊಲಿಯೋಕೆ ಬಿಡಲ್ಲ. ಮೂಗು ದಪ್ಪ ಮಾಡಿ. ಕೇಳಿದ್ರೂ ಅವಳಿಗೆ ಹೇಳಬೇಡಿ."

ಅಕ್ಕ ಅದನ್ನು ಎರಡು ಸಲ ಓದಿದಳು.

"ಒಂದು ಮಾತು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಈ ಮುಠ್ಠಾಳಂಗೆ? ಇಪ್ಪತ್ತು ವರ್ಷ ಸುಮ್‌ಸುಮ್ನೆ ಬೈಸ್ಕೊಂಡ."

"ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತೀರಂತೆ. ಆಮೇಲೆ ತಾನು ಬರೆಯೋದಾದ್ರೂ ಏನು ಅಂತಿದ್ದ."

ಅವಳಿಗೆ ಅವನ ಕಿವಿ ಹಿಂಡಬೇಕೆನಿಸಿತು. ಹಿಂಡಲು ಅವನಿಲ್ಲ ಎನ್ನುವುದು ಈ ಎರಡು ವಾರದಲ್ಲಿ ಈಗ ಮೊದಲ ಸಲ ಅವಳಿಗೆ ನೆಟ್ಟಗೆ ತಿಳಿಯಿತು.

ಇನ್ನು ಯಾರಾದರೂ ಮಾತಾಡುವವರಿದ್ದರೆ ಎದ್ದು ನಿಲ್ಲಿ ಎಂದು ವೇದಿಕೆಯಿಂದ ಕೂಗಿದರು. ಅಕ್ಕ ಆಗಲೇ ಎದ್ದು ನಿಂತಿದ್ದಳು. ಹುಡುಗಿಯೊಬ್ಬಳು ಮೈಕು ತಂದು ಹಿಡಿದಳು. "ಹೇಳೀಮ್ಮಾ, ಅವರಿಗೆ ನೀವು ಏನಾಗಬೇಕು?"

ಬೆಳಿಗ್ಗೆಯಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. ನೂರು ತಲೆ ಹಿಂದಕ್ಕೆ ತಿರುಗಿದವು.

"ಏನೂ ಆಗ್ಬೇಕಿಲ್ಲಮ್ಮಾ," ಎಂದಳು ಅಕ್ಕ. "ಗುಂಡಿ ಕಿತ್ತೋದ್ರೆ ನನ್ನ ಅಂಗಡಿಗೆ ಅಂಗಿ ತರ್ತಿದ್ದ. ಹಾಕ್ಕೊಡ್ತಿದ್ದೆ."

ತಲೆಗಳೆಲ್ಲ ಮುಂದಕ್ಕೆ ತಿರುಗಿದವು. ಮೊದಲ ಸಾಲಿನಲ್ಲಿ ಕೆಳಮನೆಯವರು ಮಾತ್ರ ದೈನ್ಯದಿಂದ ಅವಳನ್ನೇ ನೋಡುತ್ತ, ಕುರ್ಚಿ ಬಿಟ್ಟು ಏಳಲು ಹೊರಟಿದ್ದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ, ಕೂತ್ಕೊಳ್ಳಿ ಎಂದು ಅವರಿಗೆ ಕೈಸನ್ನೆ ಮಾಡಿದಳು.