ಗೋಡೆಗೆ ಪುಟ್ಟಿ ಹಚ್ಚಿದ ಚೇಟ್ಟನ್

ಬಸಳೆ ಹೆಚ್ಚುತ್ತಿದ್ದೆ. ಕೆಳಗಿನ ಫ್ಲಾಟಿನ ಟೀಚರ್ ಬಂದು, ನಮ್ಮ ಜಿಪ್ಸಂ ಗೋಡೆಗೆ ಪುಟ್ಟಿ ಹಚ್ಚಿದ ಚೇಟ್ಟನ್ ತೀರಿಕೊಂಡರೆಂದು ಹೇಳಿದರು. ಇಲ್ಲಿನ ಮಲಯಾಳಂನಲ್ಲಿ ಅಣ್ಣನಿಗೆ ಚೇಟ್ಟನ್, ಅಕ್ಕನಿಗೆ ಚೇಚ್ಚಿ ಎನ್ನುತ್ತಾರೆ.

ಕಳಕ್ಕೂಟಂನ ಈ ಫ್ಲಾಟಿನಲ್ಲಿ ಹಲಗೆಗಳ ಸಂದಿಗೆ ಪುಟ್ಟಿ ತುಂಬಿ, ಅವರು ಬಾಗಿಲ ಬಳಿ ಸುಮ್ಮನೆ ಕೂರುತ್ತಿದ್ದರು. ನಾನು ಅವಸರ ಮಾಡಿದರೆ "ಒಣಗಲಿ ಚೇಚ್ಚಿ" ಎನ್ನುವುದೊಂದೇ ಮಾತು. ಒಣಗಿದ ಮೇಲೆ ಕಣ್ಣು ಮುಚ್ಚಿ, ಅಂಗೈಯಿಂದ ಸವರಿ ಉಬ್ಬು ಹುಡುಕುವರು.

ಮೊದಲ ದಿನ ಒಣಗಿದ ಪುಟ್ಟಿಯನ್ನು ಉಪ್ಪು ಕಾಗದದಿಂದ ಉಜ್ಜುತ್ತಿದ್ದಾಗ ಧೂಳೆದ್ದು, ಒಳಕೋಣೆಯಲ್ಲಿ ಮಗಳು ಕೆಮ್ಮಿದಳು.

"ಮೋಳಿಗೆ ಉಬ್ಬಸವಾ?"

"ಹೌದು, ಧೂಳು ಆಗುವುದಿಲ್ಲ" ಎಂದೆ.

ಅವರು ಕಾಗದ ಮಡಚಿಟ್ಟರು. ಸ್ಪಂಜು ಒದ್ದೆ ಮಾಡಿ ಹಿಂಡಿ, ಪುಟ್ಟಿಯನ್ನು ಮೆಲ್ಲಗೆ ಒರೆಸಿ ನಯ ಮಾಡತೊಡಗಿದರು. ಎರಡು ದಿನದ ಕೆಲಸಕ್ಕೆ ಐದು ದಿನ ಹಿಡಿಯಿತು. ಕಂಟ್ರಾಕ್ಟರ್ ಬಂದು, "ಗೋಡೆಗೆ ಸ್ನಾನ ಮಾಡಿಸ್ತಿದ್ದೀಯಾ?" ಎಂದು ಗದರಿದ. ಚೇಟ್ಟನ್ ನನ್ನ ಮಗಳ ವಿಷಯ ಎತ್ತಲೇ ಇಲ್ಲ. "ಒಣಗಲಿ ಸಾರ್" ಎಂದರು.

ಆ ದಿನಗಳಲ್ಲಿ ಮಗಳಿಗೆ ಮತ್ತೆ ಉಬ್ಬಸ ಬರಲಿಲ್ಲ. ದೇವರ ದಯೆ.

ಇವತ್ತು ಪ್ರಾರ್ಥಿಸಲು ದೇವರ ಮುಂದೆ ನಿಂತಾಗಲೇ, ಅವರ ಹೆಸರನ್ನು ನಾನು ಕೇಳಿರಲೇ ಇಲ್ಲವೆಂದು ಹೊಳೆದದ್ದು. "ನನ್ನ ಮಗುವಿಗೆ ಧೂಳು ತಾಗದಂತೆ ನೋಡಿಕೊಂಡವರು" ಎಂದಷ್ಟೇ ಹೇಳಿದೆ. ಆಮೇಲೆ ಹೋಗಿ ತೊಗರಿಬೇಳೆ ಬೇಯಲಿಟ್ಟೆ.